ಒಂದು ಮಾತು ಹೇಳಿದ್ದರೆ

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ತೊಗರಿಬೇಳೆಗೆ ಕುಕ್ಕರ್ ಇಟ್ಟು ಹಿಟ್ಟು ನಾದುತ್ತ ಕೂತಿದ್ದೆ. ಎರಡನೆಯ ಸೀಟಿ ಆಗುತ್ತಿದ್ದಂತೆ ಮಗ ಒಳಗಿನ ಕೋಣೆಯಿಂದ ಓಡಿಬಂದು ಗ್ಯಾಸ್ ಬಂದ್ ಮಾಡಿಬಿಟ್ಟ.

"ಅವ್ವಾ, ಕೈ ಮುಗೀತೀನಿ. ಇನ್ನ ಅರ್ಧ ತಾಸು ಸೀಟಿ ಹೊಡಿಸಬ್ಯಾಡ. ಮೂರು ಸಲ ಹಾಳಾಯ್ತು."

"ಬ್ಯಾಳಿ ಹಾಳಾದ್ರ ನಡೀತದೇನು?" ಎಂದೆ. ಅವನು ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನೋಡಿದೆ. ನಾನು ಈ ಲೇಖನ ಬರೆಯಲು ಕಾರಣವಾದದ್ದು ಆ ಕೋಣೆಯೇ.

ಮಂಠಾಳದ ನಮ್ಮ ಮನೆಯಲ್ಲಿ ಜೋಳ, ತೊಗರಿಯ ಚೀಲ ಇಡುವ ಕೋಣೆಯೊಂದಿದೆ. ಗೋಡೆ ದಪ್ಪ, ಕಿಟಕಿ ಒಂದೇ. 2020ರಲ್ಲಿ ಕೊರೊನಾ ಬಂದಾಗ ಮಗ ಕಂಪ್ಯೂಟರಿನ ಕೆಲಸವನ್ನು ಮನೆಗೇ ತಂದವನು ಮತ್ತೆ ಊರು ಬಿಡಲಿಲ್ಲ. ಕೆಲಸದ ಜೊತೆ ಅವನ ಗಿಟಾರೂ ಬಂತು. ಚೀಲಗಳು ಒಂದೊಂದಾಗಿ ಪಡಸಾಲೆಗೆ ಬಂದವು, ಕೋಣೆ ಅವನ ಸ್ಟುಡಿಯೋ ಆಯಿತು. ಗೋಡೆಗೆ ಬಡಿದು ಸದ್ದು ತಿರುಗಿ ಬರಬಾರದೆಂದು ನಮ್ಮ ಅತ್ತೆಯವರು ಹೊಲಿದಿಟ್ಟಿದ್ದ ಕೌದಿಗಳನ್ನೆಲ್ಲ ಹಗ್ಗ ಕಟ್ಟಿ ಇಳಿಬಿಟ್ಟಿದ್ದ. ಹಳೆಯ ಸೀರೆ, ಧೋತ್ರ, ನಮ್ಮ ಮದುವೆಯ ಕಾಲದ ಕುಪ್ಪಸದ ತುಂಡು, ಎಲ್ಲವೂ ಅಲ್ಲಿ ನೇತಾಡುತ್ತ ಸದ್ದು ಕುಡಿಯುವ ಕೆಲಸ ಮಾಡುತ್ತಿದ್ದವು. ಫ್ಯಾನ್ ಬಂದ್. ಮೇ ತಿಂಗಳಿನ ಬಿಸಿಲು. ಮಗನ ಬೆನ್ನ ಮೇಲಿನ ಅಂಗಿ ಒದ್ದೆಯಾಗಿತ್ತು.

ಕೋಣೆಯ ನಡುವೆ ಒಂದು ಕರಿಯ ಪೆಟ್ಟಿಗೆ. ಅದರ ಹಿಂಬದಿಯಲ್ಲಿ ನಾಲ್ಕಾರು ಗಾಜಿನ ಬುರುಡೆಗಳು ಕೆಂಡದಂತೆ ಮಿನುಗುತ್ತಿದ್ದವು. ನನಗೆ ತಟ್ಟನೆ ನೆನಪಾದದ್ದು ತವರಿನ ಮರ್ಫಿ ರೇಡಿಯೋ. ಗುಂಡಿ ತಿರುಗಿಸಿದರೆ ಅದು ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವು ಕಾಯಬೇಕು, ಆಮೇಲೆ ದೂರದಿಂದ ಯಾರೋ ನಡೆದು ಬರುವ ಹಾಗೆ ದನಿ ಬರುತ್ತಿತ್ತು. "ಅದೇ ವಾಲ್ವೇ ಅವ್ವ," ಎಂದ ಮಗ. ರೇಡಿಯೋಗಳು ಎಂದೋ ಬಿಟ್ಟುಕೊಟ್ಟ ಆ ಗಾಜಿನ ಬುರುಡೆಯನ್ನು ಗಿಟಾರಿನವರು ಇನ್ನೂ ಬಿಟ್ಟಿಲ್ಲವಂತೆ.

ವಿದ್ಯುತ್ ಗಿಟಾರಿನ ಸಂಗತಿ ನನಗೆ ತಿಳಿದದ್ದು ಅಂದೇ. ಅದರ ಮೈ ಗಟ್ಟಿ ಮರ. ಪೆಟ್ಟಿಗೆಗೆ ಜೋಡಿಸದೆ ಮೀಟಿದರೆ ಸೊಳ್ಳೆ ಹಾಡಿದಷ್ಟು ಸದ್ದು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿ ನಡುಗಿದರೆ ಸುರುಳಿಯಲ್ಲಿ ಅಲ್ಪಸ್ವಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಪೆಟ್ಟಿಗೆ ಸಾವಿರ ಪಟ್ಟು ಹಿಗ್ಗಿಸಿ ಕೇಳಿಸುತ್ತದೆ. ಅಮೆರಿಕದ ವಾದ್ಯಮೇಳಗಳಲ್ಲಿ ನಗಾರಿ, ತುತ್ತೂರಿಗಳ ನಡುವೆ ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. 1932ರ ಸುಮಾರಿಗೆ ರಿಕನ್‌ಬ್ಯಾಕರ್ ಎಂಬುವರ ಕಂಪನಿ ಮಾರಾಟಕ್ಕೆ ತಂದ ವಿದ್ಯುತ್ ಗಿಟಾರು ದುಂಡಗೆ, ಉದ್ದ ಹಿಡಿಕೆಯದಾಗಿದ್ದು ಜನ ಅದನ್ನು 'ಕರಿಯುವ ಬಾಣಲೆ' ಎಂದೇ ಕರೆದರು. ಅಡುಗೆಮನೆಯಿಂದ ಬಂದ ನನಗೆ ಆ ಹೆಸರು ಹಿಡಿಸಿತು.

ಅಂದಮೇಲೆ ಗಿಟಾರು ಅರ್ಧ ವಾದ್ಯ, ಉಳಿದರ್ಧ ಆ ಪೆಟ್ಟಿಗೆ. ಮಗ ಪೆಟ್ಟಿಗೆಯ ಮುಂದೆ ಬಟ್ಟೆಗೆ ತಾಗುವಷ್ಟು ಹತ್ತಿರ ಮೈಕು ನಿಲ್ಲಿಸಿದ್ದ. ಶ್ಯೂರ್ ಕಂಪನಿಯ ಎಸ್‌ಎಂ 57 ಎಂಬ ಆ ಮೈಕು ಬಂದದ್ದು 1965ರಲ್ಲಿ, ಇಂದಿಗೂ ಗಿಟಾರಿನವರಿಗೆ ಅದೇ ಬೇಕು. "ಕೇಳು," ಎಂದು ನನ್ನ ಕಿವಿಗೆ ಹೆಡ್‌ಫೋನ್ ಏರಿಸಿ ಮೈಕನ್ನು ಒಂದು ಬೆರಳಿನಷ್ಟು ಸರಿಸಿದ. ಸ್ಪೀಕರಿನ ನಡುಮಧ್ಯಕ್ಕೆ ಹಿಡಿದಾಗ ದನಿ ಸೂಜಿಯಂತೆ ಚುಚ್ಚುತ್ತಿತ್ತು. ಅಂಚಿಗೆ ಸರಿಸಿದಾಗ ಕಂಬಳಿ ಹೊದ್ದಂತೆ ಮೆತ್ತಗಾಯಿತು. ಹತ್ತಿರ ತಂದರೆ ತಗ್ಗಿನ ದನಿ ತುಂಬಿ ಬಂತು. ಅದೇ ತಂತಿ, ಅದೇ ಬೆರಳು, ಅದೇ ಪೆಟ್ಟಿಗೆ.

"ಇದರಾಗ ಖರೆ ದನಿ ಯಾವುದೋ?" ಎಂದು ಕೇಳಿದೆ.

"ಎಲ್ಲಾ ಖರೇನೇ ಅವ್ವ. ಎಲ್ಲಿ ನಿಂತು ಕೇಳ್ತೀವಿ ಅನ್ನೂದರ ಮ್ಯಾಲ ಅದ."

ಮೂವತ್ತು ವರ್ಷ ಮಕ್ಕಳಿಗೆ ಸರಿ–ತಪ್ಪು ಗುರುತು ಹಾಕಿ ಬಂದವಳಿಗೆ ಇಂಥ ಉತ್ತರ ಸುಲಭಕ್ಕೆ ಗಂಟಲಿಗಿಳಿಯುವುದಿಲ್ಲ. ಆದರೆ ಯೋಚಿಸಿ ನೋಡಿ, ನಮ್ಮ ದನಿಯೂ ಹಾಗೆಯೇ ಅಲ್ಲವೆ? ತರಗತಿಯಲ್ಲಿ ಒಂದು, ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಒಂದು, ತವರಿನಿಂದ ಫೋನು ಬಂದಾಗ ಇನ್ನೊಂದು. ಇವುಗಳಲ್ಲಿ ಒಂದೇ ನನ್ನದು, ಮಿಕ್ಕವೆಲ್ಲ ಸುಳ್ಳು ಎಂದರೆ ನಾನೇ ಒಪ್ಪಲಾರೆ.

ಇನ್ನೊಂದು ವಿಚಿತ್ರವನ್ನೂ ಅಂದು ತಿಳಿದೆ. ಈ ಹುಡುಗರು ಹಂಬಲಿಸುವ ದನಿ ಶುದ್ಧ ದನಿಯಲ್ಲ, ಒಡೆದ ದನಿ. ವಾಲ್ವು ತಾಳಲಾರದಷ್ಟು ಭಾರ ಹೇರಿದರೆ ಅಲೆಯ ತಲೆ ಕತ್ತರಿಸಿದಂತಾಗಿ ದನಿ ಗೊಗ್ಗರಾಗುತ್ತದೆ. ಮೊದಲು ಇಂಜಿನಿಯರರು ಅದನ್ನು ದೋಷವೆಂದೇ ಎಣಿಸಿದ್ದರು. 1958ರಲ್ಲಿ ಲಿಂಕ್ ರೇ ಎಂಬ ಅಮೆರಿಕದ ವಾದಕ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದನಂತೆ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಹುಡುಗ ಡೇವ್ ಡೇವಿಸ್ ಬ್ಲೇಡಿನಿಂದ ಸೀಳಿದ. ಹರಿದ ಸ್ಪೀಕರಿನಿಂದ ಬಂದ ಆ ದನಿಗೆ ಲೋಕ ಮರುಳಾಯಿತು. ನಮಗೇನು ಇದು ಹೊಸದಲ್ಲ. ಮಿರಜದ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಎಳೆ ದಾರ ಸಿಕ್ಕಿಸುತ್ತಾರೆ. ತಂತಿ ಸ್ವಚ್ಛವಾಗಿ ನುಡಿಯದೆ ಝೇಂಕರಿಸಲಿ ಎಂದೇ ಆ ದಾರ. ಅದಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಊರಿನ ಸ್ವಂತ ತಳಿಯ ಜೋಳ, ಬದನೆಕಾಯಿಗೂ ಜವಾರಿ ಎಂದೇ ಹೆಸರು. ಎರಡು ಮಾತಿಗೂ ನಂಟಿದೆಯೋ ಇಲ್ಲವೋ, ನನ್ನ ಕಿವಿಗೆ ಒಂದೇ ರುಚಿ.

ಇಷ್ಟಾಗಿದ್ದರೆ ಬೇಳೆ ತಣ್ಣಗಾದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಮೂರನೆಯ ದಿನ ಆ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಹುಮನಾಬಾದಿನಿಂದ ಹೈದರಾಬಾದಿನ ಬಸ್ಸಿಗೆ ಒಯ್ಯುವ ತಯಾರಿ ನಡೆಯಿತು. ಪೆಟ್ಟಿಗೆ ನಮ್ಮದಾಗಿರಲಿಲ್ಲ. ಹೈದರಾಬಾದಿನ ಒಬ್ಬ ಹಿರಿಯರದು. ಅವರು ಅಂಥ ನಾಲ್ಕೈದು ಹಳೆಯ ಪೆಟ್ಟಿಗೆಗಳನ್ನು ರಿಪೇರಿ ಮಾಡಿ ಇಟ್ಟುಕೊಂಡು ಹಾಡು ಮುದ್ರಿಸುವವರಿಗೆ ದಿನದ ಬಾಡಿಗೆಗೆ ಕೊಡುತ್ತಾರೆ. ಅದೇ ಅವರ ಹೊಟ್ಟೆಪಾಡು. ಮಗನ ಮೇಲಿನ ಪ್ರೀತಿಗೆ ನಾಲ್ಕು ದಿನ ಸುಮ್ಮನೇ ಕೊಟ್ಟಿದ್ದರು.

"ಇಷ್ಟು ಬೇಗ ಯಾಕ ಒಯ್ಯಲತ್ತಿ? ನಿನ್ನ ಹಾಡು ಮುಗೀತೇನು?"

"ಹಾಡು ಇನ್ನ ಶುರುನೇ ಮಾಡಿಲ್ಲ. ಪೆಟಗಿ ಬೇಕಾಗಿಲ್ಲ ಈಗ. ಅದರ ದನಿ ತಗೊಂಡೀನಿ."

ದನಿ ತೆಗೆದುಕೊಳ್ಳುವುದೆಂದರೇನು? ಅವನು ವಿವರಿಸಿದ. ಗೊತ್ತಾದ ಒಂದು ಪರೀಕ್ಷಾ ಸದ್ದನ್ನು ಮೂರು ನಿಮಿಷ ಪೆಟ್ಟಿಗೆಯೊಳಗೆ ಕಳಿಸಬೇಕು. ಹೊರಗೆ ಬಂದದ್ದನ್ನು ಮೈಕಿನಲ್ಲಿ ಹಿಡಿಯಬೇಕು. ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು ಎಂಬುದನ್ನು ಕಂಪ್ಯೂಟರು ಮತ್ತೆ ಮತ್ತೆ ಹೋಲಿಸುತ್ತ ಪೆಟ್ಟಿಗೆಯ ಗುಣವನ್ನು ಕಲಿಯುತ್ತದೆ. ಕಲಿತ ಮೇಲೆ ಯಾವ ಗಿಟಾರು ಜೋಡಿಸಿದರೂ ಅದೇ ಪೆಟ್ಟಿಗೆಯ ದನಿಯಲ್ಲಿ ನುಡಿಯುತ್ತದೆ. ಪೆಟ್ಟಿಗೆಗಳನ್ನು ಅಣಕಿಸುವ ಯಂತ್ರಗಳು ಹೊಸವಲ್ಲ. ಅಮೆರಿಕದ ಲೈನ್ ಸಿಕ್ಸ್ ಕಂಪನಿಯ ಪಾಡ್ ಬಂದದ್ದು 1998ರಲ್ಲಿ. ಒಂದು ಪೆಟ್ಟಿಗೆಯ ದನಿಯನ್ನೇ ಹೀಗೆ ಅಚ್ಚು ತೆಗೆದುಕೊಳ್ಳುವ ಜರ್ಮನಿಯ ಕೆಂಪರ್ ಯಂತ್ರ 2011ರ ಹೊತ್ತಿಗೆ ಬಂತು. ಈಗ ನ್ಯೂರಲ್ ಆಂಪ್ ಮಾಡೆಲರ್ ಎಂಬ ಸಾಫ್ಟ್‌ವೇರು ಪುಕ್ಕಟೆಯಾಗಿಯೇ ಸಿಗುತ್ತದೆ. ಅಚ್ಚಿನಲ್ಲಿ ಬರುವುದು ಪೆಟ್ಟಿಗೆಯ ಇಡೀ ಬಾಳಲ್ಲ. ಆ ದಿನ ಅದರ ಗುಂಡಿಗಳು ಹೇಗಿದ್ದವೋ ಹಾಗೆ, ಒಂದು ಫೋಟೋ ಇದ್ದಂತೆ. ಮಗ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಹನ್ನೊಂದು ಅಚ್ಚು ತೆಗೆದಿದ್ದ. ನಾಲ್ವರು ಗೆಳೆಯರಿಗೆ ಕಳಿಸಿಯೂ ಆಗಿತ್ತು.

"ಅವರಿಗೆ ಹೇಳಿಯೇನು?"

"ಯಾರಿಗೆ?"

"ಪೆಟಗಿ ಕೊಟ್ಟವರಿಗೆ."

"ಹೇಳೂದೇನದ ಅವ್ವ? ಒಂದು ಗೀರು ಬಿದ್ದಿಲ್ಲ. ಹ್ಯಾಂಗ ತಂದೀನೋ ಹಾಂಗ ವಾಪಸ್ ಕೊಡ್ಲತ್ತೀನಿ."

ಅವನ ಮಾತು ಸುಳ್ಳಲ್ಲ. ಪೆಟ್ಟಿಗೆ ತೂಕ ಕಳೆದುಕೊಂಡಿಲ್ಲ, ದನಿಯೂ ಕುಂದಿಲ್ಲ. ಕಳುವಾಯಿತೆಂದು ದೂರು ಕೊಡಲು ಹೋದರೆ ಕಳುವಾದ ವಸ್ತು ಯಾವುದೆಂದು ಬರೆಸಬೇಕು? ಆದರೂ ನನ್ನ ಮನಸ್ಸಿನಲ್ಲಿ ಮುಳ್ಳು ಮುರಿದಂತಾಯಿತು. ಬಸ್ಸು ಹೋದ ಮೇಲೂ ಆ ಮುಳ್ಳು ಹೋಗಲಿಲ್ಲ.

ರಾತ್ರಿ ಮಲಗಿ ನಾನೇ ಮಗನ ಪರವಾಗಿ ವಾದಿಸಿಕೊಂಡೆ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲನೆಯ ದೀಪದ ಬೆಳಕು ಕಡಿಮೆಯಾಗುತ್ತದೆಯೆ? ವಿದ್ಯೆಯನ್ನು ಕಳ್ಳರು ಒಯ್ಯಲಾರರು, ಕೊಟ್ಟಷ್ಟೂ ಬೆಳೆಯುತ್ತದೆ ಎಂದು ನಾನೇ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ? ನನ್ನ ಪಾಠದ ಧಾಟಿ ಕೂಡ ನನ್ನದಲ್ಲ. ನಾನು ಓದುವಾಗ ಕನ್ನಡ ಕಲಿಸಿದ ಬಾಯಿಯವರು ಪ್ರಶ್ನೆ ಕೇಳಿ, ಉತ್ತರ ಗೊತ್ತಿಲ್ಲದವಳ ಕಡೆ ನೋಡದೆ, ಕಿಟಕಿಯ ಕಡೆ ನೋಡುತ್ತ ಕಾಯುತ್ತಿದ್ದರು. ನಾಚಿಕೆಯಾಗದೆ ನಾವು ಯೋಚಿಸುತ್ತಿದ್ದೆವು. ನಾನೂ ಹಾಗೆಯೇ ಕಿಟಕಿ ನೋಡುತ್ತೇನೆ. ಅವರ ಏರಿಳಿತ, ಅವರ "ಹೂಂ, ಮುಂದ?" ಎಲ್ಲವನ್ನೂ ಅಚ್ಚು ತೆಗೆದುಕೊಂಡಿದ್ದೇನೆ. ಅವರಿಗೆ ಹೇಳಿದ್ದೇನೆಯೆ? ಇಲ್ಲ. ಇದು ಕಳವೆ? ಅಲ್ಲ, ಇದು ಕಲಿಕೆ.

ಹಾಗಾದರೆ ಕಲಿಕೆಗೂ ಕಳವಿಗೂ ನಡುವಿನ ಗೆರೆ ಎಲ್ಲಿದೆ? ಬಾಯಿಯವರು ಕಲಿಸಲೆಂದೇ ನಿಂತವರು, ಅವರ ಧಾಟಿ ನನಗೆ ಬಂದದ್ದರಿಂದ ಅವರ ಸಂಬಳ ಕಡಿಮೆಯಾಗಲಿಲ್ಲ. ಅದು ನನ್ನೊಳಗೆ ಬರಲು ವರ್ಷಗಳೇ ಬೇಕಾದವು, ಬರುವಷ್ಟರಲ್ಲಿ ನನ್ನದೂ ಬೆರೆತು ಬೇರೆಯಾಯಿತು. ಮಗ ತೆಗೆದದ್ದು ಮೂರು ನಿಮಿಷದಲ್ಲಿ. ಐವರ ಬಳಿ ಆ ದನಿ ಇದ್ದರೆ ಆ ಐವರು ಇನ್ನು ಆ ಹಿರಿಯರ ಬಾಗಿಲಿಗೆ ಬಾಡಿಗೆ ಹಿಡಿದುಕೊಂಡು ಹೋಗುವುದಿಲ್ಲ. ಇಷ್ಟು ಗೆರೆ ಎಳೆದು ನಾನು ಸಮಾಧಾನದಿಂದ ಮಗ್ಗಲಾದೆ. ಆಗ ನೆನಪಾದವಳು ಬೀಸುಕಲ್ಲಿನ ಅಜ್ಜಿ.

ನಾನು ನೌಕರಿಗೆ ಸೇರಿ ಮೂರು ವರ್ಷವಾಗಿತ್ತು, 1997. ತಾಲೂಕಿನ ಜನಪದ ಗೀತೆಯ ಸ್ಪರ್ಧೆಗೆ ಹುಡುಗಿಯರನ್ನು ತಯಾರು ಮಾಡಬೇಕಿತ್ತು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿದ್ದರೂ ಅವಳ ಬೀಸುವ ಪದ ನಿಂತಿರಲಿಲ್ಲ. ನಾನು ಟೇಪ್ ರೆಕಾರ್ಡರ್ ಒಯ್ದೆ. "ಸುಮ್ಮನೇ ಕೇಳಲಿಕ್ಕೆ" ಎಂದೆ. ಅವಳು ಕಾಲು ಚಾಚಿ ಕೂತು, ಖಾಲಿ ಕಲ್ಲನ್ನೇ ತಿರುಗಿಸುತ್ತ ಹಾಡಿದಳು. ಕಲ್ಲು ತಿರುಗದೆ ಅವಳಿಗೆ ಪದ ಬರುತ್ತಿರಲಿಲ್ಲ. ಆ ದನಿ ಒಡೆದ ದನಿ. ಮೇಲಿನ ಸ್ವರಕ್ಕೆ ಹೋದಾಗ ಎರಡಾಗಿ ಸೀಳುತ್ತಿತ್ತು. ಮಗನ ಪೆಟ್ಟಿಗೆ ಕೇಳಿದಾಗ ನನಗೆ ಯಾಕೆ ಗುರುತು ಹತ್ತಿತೆಂದು ಈಗ ತಿಳಿಯುತ್ತದೆ.

ಆ ಕ್ಯಾಸೆಟ್ಟಿನಿಂದ ಹುಡುಗಿಯರು ಕಲಿತರು. ಸೀಳುವ ಜಾಗವನ್ನೂ ಬಿಡದೆ ಕಲಿತರು. ಶಾಲೆಗೆ ಮೊದಲ ಬಹುಮಾನ ಬಂತು. ಢಾಲು ನನ್ನ ಕೈಗೆ ಕೊಟ್ಟು ಫೋಟೋ ತೆಗೆದರು. ಧಾಟಿ ಎಲ್ಲಿಯದು ಎಂದು ತೀರ್ಪುಗಾರರು ಕೇಳಿದಾಗ "ನಮ್ಮ ಭಾಗದ್ದು" ಎಂದೆ. ಸುಳ್ಳೇನಲ್ಲ. ಅಜ್ಜಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಹೇಳಿದರೆ ನನ್ನ ಶ್ರಮ ಸಣ್ಣದಾದೀತು ಎಂಬ ಅಂಜಿಕೆ ಇತ್ತೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಒಂದು ವಾರದ ಮೇಲೆ ಅಜ್ಜಿ ಬಾವಿಯ ಹತ್ತಿರ ಸಿಕ್ಕಳು. ಯಾರೋ ಹೇಳಿದ್ದರು. ಸಿಟ್ಟಿರಲಿಲ್ಲ. "ಬಾಯೀ, ಹುಡುಗ್ಯಾರು ಛಂದ ಹಾಡಿದ್ರೇನ್ರಿ?" ಎಂದು ಕೇಳಿದಳು. "ಬಹಳ ಛಂದ ಹಾಡಿದ್ರು ಆಯಿ," ಎಂದೆ. ಅವಳು ಕೊಡ ಎತ್ತಿಕೊಳ್ಳುತ್ತ, "ನನಗೊಂದು ಮಾತು ಹೇಳಿದ್ರ ನಾನೂ ಬರ್ತಿದ್ದೆನ್ರಿ," ಎಂದಳು. ಅಷ್ಟೆ. ಮುಂದೆ ನಾಲ್ಕು ವರ್ಷ ಬದುಕಿದ್ದಳು, ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಮ್ಮ ಮಂಠಾಳದವರಿಗೆ ಇಂಥ ಪ್ರಶ್ನೆ ಎದ್ದಾಗ ನೋಡಲು ದೂರ ಹೋಗಬೇಕಿಲ್ಲ. ತಾಲೂಕಿನ ಊರೇ ಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಮರೇಶ್ವರದಿಂದ ಅಲ್ಲಿಗೆ ಬಂದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಯ ಕಥೆ ನಿಮಗೂ ಗೊತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳಿಸಿದಳು.

ಈ ಕಥೆಯನ್ನು ನಾನು ಎಷ್ಟೋ ವರ್ಷ 'ಅತಿಯಾಸೆ ಬೇಡ' ಎಂಬ ನೀತಿಗೆ ಇಳಿಸಿ ಪಾಠ ಮಾಡಿದ್ದೇನೆ. ಆ ರಾತ್ರಿ ಬೇರೆ ಕಂಡಿತು. ಚೆಲ್ಲಿದ ಅಕ್ಕಿ ಯಾರದೂ ಅಲ್ಲ. ಆಯ್ದರೆ ಯಾರಿಗೂ ಕೊರತೆಯಿಲ್ಲ. ಯಾವ ಕಾಯಿದೆಯೂ ಮಾರಯ್ಯನನ್ನು ಹಿಡಿಯಲಾರದು. ಹಾಗಿದ್ದೂ ಲಕ್ಕಮ್ಮ ಒಪ್ಪಲಿಲ್ಲ. "ಇದು ಯಾರದು?" ಎಂಬುದು ಅವಳ ಪ್ರಶ್ನೆಯಲ್ಲ, "ಇದು ನಮ್ಮ ಮನೆಗೆ ಹೇಗೆ ಬಂತು, ಯಾಕೆ ಬಂತು?" ಎಂಬುದು ಅವಳ ಪ್ರಶ್ನೆ. ಗಾಳಿಯಲ್ಲಿ ಬಿದ್ದ ದನಿಯೂ ಚೆಲ್ಲಿದ ಅಕ್ಕಿಯಂತೆಯೇ. ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡಿತು. ಅಕ್ಕಿಯನ್ನು ತಿರುಗಿ ಸುರಿಯಬಹುದು. ಐದು ಊರಿನ ಕಂಪ್ಯೂಟರಿಗೆ ಹೋದ ದನಿಯನ್ನು ಎಲ್ಲಿ ಸುರಿಯಬೇಕು? ನಲವತ್ತು ಹುಡುಗಿಯರ ಗಂಟಲಿಗೆ ಇಳಿದ ಧಾಟಿಯನ್ನು ಅಜ್ಜಿಗೆ ಹೇಗೆ ಒಪ್ಪಿಸಬೇಕು? ದನಿಯ ಲೆಕ್ಕದಲ್ಲಿ ತಿರುಗಿ ಕೊಡುವ ದಾರಿ ಮುಚ್ಚಿದೆ. ಉಳಿಯುವುದು ಹೇಳುವ ದಾರಿ ಒಂದೇ.

ಅದು ಸಣ್ಣ ದಾರಿಯೇನಲ್ಲ. 1902ರ ನವೆಂಬರಿನಲ್ಲಿ ಕಲಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಗೌಹರ್ ಜಾನಳ ಹಾಡು ಮುದ್ರಿಸಿದ. ಆ ಕಾಲದ ಅವಳ ತಟ್ಟೆಗಳಲ್ಲಿ ಹಾಡು ಮುಗಿದ ಕೂಡಲೇ ಅವಳೇ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದು ಕೇಳಿಸುತ್ತದೆ. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಹೀಗೆ ಹೇಳಿಸುತ್ತಿದ್ದರು. ಕೆಲಸದ ಅನುಕೂಲಕ್ಕೆ ಬಂದ ಪದ್ಧತಿ. ಆದರೂ ನೂರಿಪ್ಪತ್ತು ವರ್ಷದ ಮೇಲೆ ಕೇಳುವಾಗ ಆ ಹೆಸರು ಹಾಡಿನಷ್ಟೇ ದೊಡ್ಡದಾಗಿ ಕೇಳಿಸುತ್ತದೆ. ನಮ್ಮ ಶರಣರೂ ಅಂಕಿತವಿಲ್ಲದೆ ವಚನ ಮುಗಿಸಲಿಲ್ಲ. ಅಲ್ಲಿ ಇರುವುದು ತಮ್ಮ ಹೆಸರಲ್ಲ, ತಮ್ಮ ದೇವರ ಹೆಸರು. ಲಕ್ಕಮ್ಮನ ಅಂಕಿತದಲ್ಲಿ ಮಾರಯ್ಯನ ಹೆಸರೂ ಸೇರಿದೆ. ಗಂಡನನ್ನು ತಿದ್ದಿದ ಹೆಂಗಸು ತನ್ನ ಮಾತಿನಲ್ಲಿ ಗಂಡನ ಋಣವನ್ನೂ ನಮೂದಿಸಿಟ್ಟಳು.

ಬೆಳಿಗ್ಗೆ ಮಗನಿಗೆ ಅಜ್ಜಿಯ ಕಥೆ ಹೇಳಿದೆ. ನನ್ನ ತಪ್ಪನ್ನು ಮೊದಲು ಹೇಳದೆ ಅವನ ತಪ್ಪು ಹೇಳುವ ಬಾಯಿ ನನಗಿರಲಿಲ್ಲ. ಅವನು ಬಹಳ ಹೊತ್ತು ಗಿಟಾರಿನ ಕಿವಿ ತಿರುವುತ್ತ ಕೂತ. ಆಮೇಲೆ ಹೈದರಾಬಾದಿಗೆ ಫೋನು ಹಚ್ಚಿದ.

ನಾನು ಮನಸ್ಸಿನಲ್ಲಿ ಒಂದು ಮುಕ್ತಾಯ ಬರೆದಿಟ್ಟುಕೊಂಡಿದ್ದೆ. ಹಿರಿಯರು ನಕ್ಕು, "ಇಷ್ಟಕ್ಕೆ ಫೋನು ಮಾಡಿದಿಯಾ ಬೇಟಾ?" ಎನ್ನುತ್ತಾರೆ ಎಂದು. ಹಾಗಾಗಲಿಲ್ಲ. ಅವರು ಸುಮ್ಮನೆ ಕೇಳಿಕೊಂಡರು. ಎಷ್ಟು ಜನಕ್ಕೆ ಕೊಟ್ಟೆ ಎಂದು ಕೇಳಿದರು. ಇನ್ನು ಮುಂದೆ ಯಾರಿಗೂ ಕೊಡಬೇಡ ಎಂದರು. ಫೋನು ಇಟ್ಟರು. ಮಗ ಗೆಳೆಯರಿಗೆ ಅಳಿಸಿಹಾಕಿರೆಂದು ಬರೆದ. ಇಬ್ಬರು ಅಳಿಸಿದೆವೆಂದರು, ಒಬ್ಬ ನಕ್ಕ, ಒಬ್ಬ ಉತ್ತರವನ್ನೇ ಕೊಡಲಿಲ್ಲ. ಎರಡು ತಿಂಗಳ ಮೇಲೆ ಮಗ ಮತ್ತೆ ಪೆಟ್ಟಿಗೆ ಕೇಳಿದಾಗ ಖಾಲಿ ಇಲ್ಲವೆಂಬ ಉತ್ತರ ಬಂತು.

"ನಿನ್ನ ಖರೆ ಮಾತಿನಿಂದ ನನ್ನ ಪೆಟಗಿ ಹೋಯ್ತು ನೋಡವ್ವ," ಎಂದ. ಅರ್ಧ ಚೇಷ್ಟೆ, ಅರ್ಧ ನೋವು. ನನ್ನಲ್ಲಿ ಉತ್ತರವಿರಲಿಲ್ಲ. ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಮಕ್ಕಳಿಗೆ ಕಲಿಸಿದ್ದು ಪೂರ್ತಿ ನಿಜವಲ್ಲ. ಹೇಳಿದರೆ ಕೇಳಿದವರಿಗೆ ಸಿಟ್ಟಾಗುವ ಹಕ್ಕು ಸಿಗುತ್ತದೆ. ಹೇಳದಿದ್ದಾಗ ನಾವು ಅವರಿಂದ ಕಿತ್ತುಕೊಳ್ಳುವುದು ಆ ಹಕ್ಕನ್ನೇ ಇರಬೇಕು. ಅಜ್ಜಿಗೆ ನಾನು ಮೊದಲೇ ಹೇಳಿದ್ದರೆ ಅವಳು ಬರುತ್ತಿದ್ದಳು. ಬೇಡ ಎಂದೂ ಅನ್ನಬಹುದಿತ್ತು. ಎರಡನ್ನೂ ನಾನು ಅವಳಿಗೆ ಬಿಡಲಿಲ್ಲ.

ಮಗ ಈಗ ಅದೇ ಅಚ್ಚಿನಲ್ಲಿ ಹಾಡು ಮುಗಿಸಿದ್ದಾನೆ. ಬಳಸಲೋ ಬೇಡವೋ ಎಂದು ಅವರನ್ನೇ ಕೇಳಿ, "ನಿನ್ನ ಹಾಡಿಗೆ ಬಳಸಿಕೋ" ಎಂಬ ಒಂದು ಸಾಲಿನ ಅಪ್ಪಣೆ ಪಡೆದ ಮೇಲೆ. ಕೌದಿಗಳು ಇನ್ನೂ ಹಗ್ಗದ ಮೇಲೇ ಇವೆ.

ಈ ಸಲ ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರು ಆ ಬೀಸುವ ಪದವನ್ನು ಹಾಡಿದರು. ಈಗಿನವರು ಅದನ್ನು ಕಲಿತದ್ದು ನನ್ನಿಂದ, ಕೆಲವರು ತಮ್ಮ ಅವ್ವಂದಿರಿಂದ. ಹಾಡು ಶುರುವಾಗುವ ಮೊದಲು ನಾನು ಮೈಕಿನ ಮುಂದೆ ನಿಂತು ಈ ಧಾಟಿ ನಮ್ಮ ಓಣಿಯ ಯಾವ ಅಜ್ಜಿಯದು, ನಾನು ಹೇಗೆ ತಂದೆ, ಯಾರಿಗೆ ಹೇಳಲಿಲ್ಲ ಎಂಬುದನ್ನು ಅವಳ ಹೆಸರು ಹಿಡಿದು ಹೇಳಿದೆ. ತೀರ ಹತ್ತಿರ ನಿಂತಿದ್ದೆನೇನೋ, ಮೈಕು ಗುಂಯ್‌ಗುಟ್ಟಿತು. ಹಿಂದಿನ ಸಾಲಿನಲ್ಲಿ ಅಜ್ಜಿಯ ಸೊಸೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಳು. ಹೆಸರು ಕೇಳಿ ಸೆರಗು ಸರಿಮಾಡಿಕೊಂಡಳು. ಹುಡುಗಿಯರು ಹಾಡಿದರು. ಮೇಲಿನ ಸ್ವರದಲ್ಲಿ ದನಿ ಎಲ್ಲಿ ಸೀಳಬೇಕಿತ್ತೋ ಅಲ್ಲಿಯೇ ಸೀಳಿತು.